ದುಡ್ಡು ಕೊಟ್ಟು ವೆಬಿನಾರ್ ಸೇರಬೇಕಾ? ಮಿಡಿ ಸೀಸನ್ ಹತ್ತಿರ ಬಂತು, ಸಾಲದ ದಾರಿ ಹೇಳಿ

ಜೀರಿಗೆಮಿಡಿ (ಹೊಸನಗರ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ರಿಪ್ಪನ್‌ಪೇಟೆ ಕಡೆಯ ಹಳ್ಳಿ. ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿಯ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಅತ್ತೆಯವರು ಮನೆಗೆ, ನೆಂಟರಿಗೆ ಅಂತ ಎರಡು ಭರಣಿ ಹಾಕುತ್ತಿದ್ದರು. ಅದೇ ಬೆಳೆದು ಈಗ ಡ್ರಮ್ಮಿನ ಲೆಕ್ಕಕ್ಕೆ ಬಂದಿದೆ. ಶಿವಮೊಗ್ಗದ ಒಂದೆರಡು ಅಂಗಡಿಗೆ ಕೊಡುತ್ತೇನೆ. ಉಳಿದವರೆಲ್ಲ ಬೆಂಗಳೂರಿನ ಗಿರಾಕಿಗಳು, ವಾಟ್ಸಾಪ್‌ನಲ್ಲೇ ಆರ್ಡರ್. ಹೋದ ವರ್ಷ ಸುಮಾರು 6 ಲಕ್ಷದ ವ್ಯಾಪಾರ ಆಯಿತು. ಗಣೇಶನ ಹಬ್ಬಕ್ಕೆ ಮೊದಲೇ ಜೀರಿಗೆ ಮಿಡಿ ಖಾಲಿ. ಆಮೇಲೆ ಫೋನ್ ಮಾಡಿದವರಿಗೆಲ್ಲ ಇಲ್ಲ, ಇಲ್ಲ ಅನ್ನುವುದೇ ಕೆಲಸ.

ಜಾಸ್ತಿ ಹಾಕೋಣ ಅಂದರೆ ದುಡ್ಡಿನ ತೊಂದರೆ. ಮಿಡಿ ಸಿಗುವುದು ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಅಷ್ಟೇ. ಮರ ಹತ್ತಿ, ಕೈಯಲ್ಲೇ ಕೊಯ್ದು, ತೊಟ್ಟು ಮುರಿಯದ ಹಾಗೆ ತರುವವರಿಗೆ ಅಲ್ಲೇ ನಗದು ಎಣಿಸಬೇಕು. ಉದ್ರಿ ಅಂದರೆ ಬುಟ್ಟಿ ಎತ್ತಿಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಮಿಡಿ, ಉಪ್ಪು, ಮೆಣಸು, ಸಾಸಿವೆ, ಬಾಟಲಿ ಎಲ್ಲ ಸೇರಿ ಈ ಸಲ 2 ಲಕ್ಷ ಬೇಕು. ಹೋಗುವುದು ಒಂದೇ ಸಲ. ವಾಪಸ್ ಬರುವುದು ವರ್ಷವಿಡೀ, ಚೂರುಚೂರು. ಇಷ್ಟು ವರ್ಷ ಬಳೆ ಸೊಸೈಟಿಯಲ್ಲಿಟ್ಟು ನಡೆಸಿದ್ದೇನೆ. ಈ ಸಲ ನಾದಿನಿ ಮದುವೆ ಇದೆ, ಬಳೆ ಕೈಯಲ್ಲೇ ಇರಬೇಕು.

ಹೀಗಿರುವಾಗ ಮೊಬೈಲಲ್ಲಿ ಒಂದು ಜಾಹೀರಾತು ಕಂಡಿತು. ಸಣ್ಣ ಉದ್ಯಮಿಗಳಿಗೆ ಸರ್ಕಾರದಿಂದ 15 ಲಕ್ಷ ಸಬ್ಸಿಡಿ, ಹೇಗೆ ಪಡೆಯುವುದು ಅಂತ 99 ರೂಪಾಯಿಗೆ ಆನ್‌ಲೈನ್ ಸೆಮಿನಾರ್. ಸೇರಿದೆ. ಮುಕ್ಕಾಲು ಪಾಲು ಹೊತ್ತು ಕನಸು ದೊಡ್ಡದು ಕಾಣಿ, ಮನಸ್ಸು ಗಟ್ಟಿ ಮಾಡಿ ಅಂತಲೇ ಹೋಯಿತು. ಕೊನೆಗೆ 4,999 ಕಟ್ಟಿದರೆ ಪ್ರಾಜೆಕ್ಟ್ ರಿಪೋರ್ಟ್ ಅವರೇ ಮಾಡಿಕೊಡುತ್ತಾರಂತೆ, ಲೋನ್ ಗ್ಯಾರಂಟಿಯಂತೆ. ರಾತ್ರಿ 12ರ ಒಳಗೆ ಕಟ್ಟಿದವರಿಗೆ ಮಾತ್ರ ಆ ರೇಟು ಅಂದರು. ನಾನು ಕಟ್ಟಲಿಲ್ಲ. ಮರುದಿನ ಬೆಳಿಗ್ಗೆ ಫೋನ್ ಮಾಡಿ, ನಿಮಗೋಸ್ಕರ ಅದೇ ರೇಟು ಇಟ್ಟಿದ್ದೇವೆ ಮೇಡಂ ಅಂದರು!

ನನ್ನ ಪ್ರಶ್ನೆ ಇಷ್ಟೇ. ಇಂಥ ವೆಬಿನಾರ್‌ಗಳಿಂದ ನಿಜವಾಗಿ ಯಾರಿಗಾದರೂ ಸಾಲ ಸಿಕ್ಕಿದೆಯಾ? ಕನ್ನಡದಲ್ಲಿ ದುಡ್ಡು ಕೇಳದೆ ಹೇಳಿಕೊಡುವವರು ಇದ್ದಾರಾ? ನಮ್ಮಂಥವರಿಗೆ ಯಾವ ಸಾಲ ಸರಿ?

ಹಲಸಿನಹಪ್ಪಳ (ಸಾಗರ ತಾಲ್ಲೂಕು) ಉತ್ತರ:

4,999 ಕಟ್ಟಬೇಡಿ. ಮೊದಲು ಅದು. ಉಳಿದದ್ದು ನಿಧಾನ ಓದಿ.

ನಾನು ಹಲಸಿನಕಾಯಿ ಹಪ್ಪಳ, ಬಾಳೆಕಾಯಿ ಚಿಪ್ಸ್ ಮಾಡುವವಳು. ಕೊರೊನಾ ಸಮಯದಿಂದ ಇಂಥ ಆನ್‌ಲೈನ್ ಸೆಮಿನಾರ್ ಕೇಳುತ್ತಾ ಬಂದಿದ್ದೇನೆ, ದುಡ್ಡಿನದ್ದೂ, ಪುಕ್ಕಟೆಯದ್ದೂ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಟ್ಟದ ಕಿಟಕಿ ಹತ್ತಿರ ಮಾತ್ರ. ಅಡಿಕೆ ಚೀಲದ ಮೇಲೆ ಕೂತು ಕೇಳಿದ್ದು ಎಲ್ಲ. ನಾನು ಕಂಡ ಹಾಗೆ, ಚಂದ ಮಾತಾಡುವವರ ಸೆಮಿನಾರಿನಲ್ಲಿ ಕೆಲಸಕ್ಕೆ ಬರುವ ವಿಷಯ ಕಮ್ಮಿ. ಇಲಾಖೆಯವರದ್ದು ಕೇಳಿದರೆ ನಿದ್ದೆ ಬರುತ್ತದೆ, ಆದರೆ ಕೆಲಸ ಆಗುತ್ತದೆ.

ನನಗೆ ದಾರಿ ಸಿಕ್ಕಿದ್ದು ಅಂಥ ಒಂದು ನಿದ್ದೆಯ ಸೆಮಿನಾರಿನಲ್ಲಿ. ಸ್ಲೈಡ್ ಪೂರ್ತಿ ಇಂಗ್ಲಿಷ್, ಅಕ್ಷರ ಇರುವೆಯಷ್ಟು ಸಣ್ಣ. ಯಾರೋ ಮೈಕ್ ಬಂದ್ ಮಾಡದೆ ಕೂತಿದ್ದರು, ಅವರ ಮನೆ ಕುಕ್ಕರ್ ಕೂಗಿದ್ದು ನಮಗೆಲ್ಲ ಕೇಳುತ್ತಿತ್ತು. ಅಧಿಕಾರಿ ಓದಿದ್ದನ್ನೇ ಓದುತ್ತಿದ್ದರು. ಅರ್ಧ ಜನ ಎದ್ದು ಹೋದರು. ಕೊನೆಯಲ್ಲಿ ಪ್ರಶ್ನೆ ಕೇಳಿ ಅಂದಾಗ ನಾನು ಮೊದಲೇ ಟೈಪ್ ಮಾಡಿಟ್ಟಿದ್ದನ್ನು ಹಾಕಿದೆ: ಹಪ್ಪಳ ಒಣಗಿಸುವ ಡ್ರೈಯರ್‌ಗೆ ಸಬ್ಸಿಡಿ ಇದೆಯಾ, ನಮ್ಮ ತಾಲ್ಲೂಕಿನಲ್ಲಿ ಯಾರನ್ನು ನೋಡಬೇಕು? ಇದೆ ಅಂದರು, ಡಿಆರ್‌ಪಿಯ ಫೋನ್ ನಂಬರ್ ಕೊಟ್ಟರು. ಆ ನಂಬರ್ ಒಂದೇ ಸಾಕಾಯಿತು.

ಡಿಆರ್‌ಪಿ ಅಂದರೆ ಜಿಲ್ಲಾ ಸಂಪನ್ಮೂಲ ವ್ಯಕ್ತಿ. ಪಿಎಂಎಫ್‌ಎಂಇ ಅಂತ ಕೇಂದ್ರದ ಯೋಜನೆ, ಮನೆಮಟ್ಟದ ಆಹಾರ ತಯಾರಿಕೆಯವರಿಗೆ, 2020ರಲ್ಲಿ ಶುರುವಾಗಿದ್ದು. ನಮ್ಮ ರಾಜ್ಯದಲ್ಲಿ ಅದನ್ನು ನೋಡಿಕೊಳ್ಳುವುದು ಕೆಪೆಕ್ ಅನ್ನುವ ರಾಜ್ಯ ಸರ್ಕಾರದ ನಿಗಮ. ಅರ್ಜಿ ತುಂಬುವುದು, ಪ್ರಾಜೆಕ್ಟ್ ರಿಪೋರ್ಟ್ ಮಾಡುವುದು, ಬ್ಯಾಂಕಿಗೆ ಜೊತೆಯಲ್ಲಿ ಬರುವುದು ಎಲ್ಲ ಡಿಆರ್‌ಪಿ ಕೆಲಸ. ಅವರಿಗೆ ಸಂಭಾವನೆ ಸರ್ಕಾರವೇ ಕೊಡುತ್ತದೆ, ಅದೂ ಸಾಲ ಮಂಜೂರಾದ ಮೇಲೆ. ಹಾಗಾಗಿ ನಮ್ಮ ಸಾಲ ಆಗಲಿ ಅಂತ ಅವರಿಗೂ ಇರುತ್ತದೆ. ನಾವು ಒಂದು ಪೈಸೆ ಕೊಡಬೇಕಾಗಿಲ್ಲ. ನಿಮ್ಮ ಹತ್ತಿರ 4,999 ಕೇಳಿದರಲ್ಲ, ಅದು ಈ ಪುಕ್ಕಟೆ ಕೆಲಸಕ್ಕೇ.

ಆ 15 ಲಕ್ಷದ ಕತೆಯೂ ಇದೇ. ಕೇಂದ್ರದ್ದು 35%, ರಾಜ್ಯದವರು ಮೇಲೆ 15% ಸೇರಿಸಿ ಒಟ್ಟು 50%, ಗರಿಷ್ಠ 15 ಲಕ್ಷ. 15 ಲಕ್ಷ ಸಬ್ಸಿಡಿ ಬೇಕು ಅಂದರೆ 30 ಲಕ್ಷದ ಘಟಕ ಹಾಕಬೇಕು. ಜಾಹೀರಾತಿನಲ್ಲಿ ಅದನ್ನು ಬರೆಯುವುದಿಲ್ಲ ಅಲ್ವಾ. ನನ್ನದು ಡ್ರೈಯರ್, ಗ್ರೈಂಡರ್, ಹಪ್ಪಳ ಒತ್ತುವ ಮೆಷಿನ್, ಪ್ಯಾಕಿಂಗ್ ಎಲ್ಲ ಸೇರಿ 6 ಲಕ್ಷದ ಪ್ರಾಜೆಕ್ಟ್. 10% ನಮ್ಮ ಕೈಯಿಂದ, ಅಂದರೆ 60 ಸಾವಿರ. ಉಳಿದ 5 ಲಕ್ಷ 40 ಸಾವಿರ ಬ್ಯಾಂಕ್ ಸಾಲ. ಸಬ್ಸಿಡಿ 3 ಲಕ್ಷ.

ಸಬ್ಸಿಡಿ ಅಂದರೆ ಕೈಗೆ ದುಡ್ಡು ಬರುತ್ತದೆ ಅಂತ ತಿಳಿಯಬೇಡಿ. ಬ್ಯಾಂಕಿನಲ್ಲೇ ನಮ್ಮ ಹೆಸರಿನ ಇನ್ನೊಂದು ಖಾತೆಯಲ್ಲಿ ಕೂರುತ್ತದೆ. ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವುದಿಲ್ಲ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ 3 ವರ್ಷ ಆದ ಮೇಲೂ ಘಟಕ ನಡೆಯುತ್ತಿದ್ದು, ಸಾಲ ಸರಿಯಾಗಿ ಕಟ್ಟಿದ್ದರೆ ಮಾತ್ರ ಅದನ್ನು ಸಾಲಕ್ಕೆ ಜಮಾ ಮಾಡುತ್ತಾರೆ. ನಡುವೆ ಬಾಗಿಲು ಹಾಕಿದರೆ ಹೋಯಿತು.

ಇನ್ನೊಂದು. ಜಿಲ್ಲೆಗೊಂದು ಉತ್ಪನ್ನ ಅಂತ ಶಿವಮೊಗ್ಗಕ್ಕೆ ಅನಾನಸ್ ಇಟ್ಟಿದ್ದಾರೆ. ಹಾಗಂತ ಹಪ್ಪಳ, ಉಪ್ಪಿನಕಾಯಿಯವರಿಗೆ ಇಲ್ಲ ಅಂತಲ್ಲ. ನನಗೆ ಸಿಕ್ಕಿದೆಯಲ್ಲ.

ಈಗ ನಿಮ್ಮ ವಿಷಯ. ನೀವು ಬರೆದದ್ದನ್ನು ಇನ್ನೊಂದು ಸಲ ಓದಿದೆ. ನಿಮಗೆ ಎಲ್ಲೂ ಮೆಷಿನ್ ಬೇಕು ಅಂತ ಇಲ್ಲ! ನನಗೆ ಡ್ರೈಯರ್ ಬೇಕಿತ್ತು. ನಮ್ಮ ಕಡೆ ಹಲಸು ಬಲಿಯುವಷ್ಟರಲ್ಲಿ ಮಳೆ ಬಂದು ಕೂರುತ್ತದೆ, ಅಂಗಳದ ಚಾಪೆ ನಂಬಿದರೆ ಹಪ್ಪಳಕ್ಕೆ ಬೂಸ್ಟು ಹಿಡಿಯುತ್ತದೆ. ಅದಕ್ಕೇ ಆ ಯೋಜನೆ ನನಗೆ ಸರಿಯಾಯಿತು. ಅದರ ಸಬ್ಸಿಡಿ ಲೆಕ್ಕ ಹಾಕುವುದು ಯಂತ್ರ, ಕಟ್ಟಡದ ಕೆಲಸದಂಥ ಖರ್ಚಿಗೆ. ಮಿಡಿ ಕೊಳ್ಳುವ ದುಡ್ಡಿಗೆ ಸಬ್ಸಿಡಿ ಬರುವುದಿಲ್ಲ. ನಿಮಗೆ ಬೇಕಾಗಿದ್ದು ಮಾರ್ಚ್, ಏಪ್ರಿಲ್‌ನಲ್ಲಿ ಕೈಯಲ್ಲಿರುವ 2 ಲಕ್ಷ. ಬ್ಯಾಂಕಿನವರು ವರ್ಕಿಂಗ್ ಕ್ಯಾಪಿಟಲ್, ದುಡಿಯುವ ಬಂಡವಾಳ ಅನ್ನುತ್ತಾರಲ್ಲ, ಅದು. ಯಾವ ಸೆಮಿನಾರ್‌ನಲ್ಲೂ ಇದನ್ನು ಬಿಡಿಸಿ ಹೇಳುವುದಿಲ್ಲ, ಯಾಕೆಂದರೆ ಸಬ್ಸಿಡಿ ಅನ್ನುವ ಮಾತಿಗೆ ಬಂದಷ್ಟು ಜನ ಇದಕ್ಕೆ ಬರುವುದಿಲ್ಲ. ಸುಮ್ನೆ ಸಬ್ಸಿಡಿ ಸಿಗುತ್ತದೆ ಅಂತ ಬೇಡದ ಮೆಷಿನ್ ತಂದು ಶೆಡ್ಡಿನಲ್ಲಿ ಟಾರ್ಪಾಲ್ ಹೊದಿಸಿ ಇಟ್ಟವರನ್ನು ನಮ್ಮ ಊರಲ್ಲೇ ತೋರಿಸುತ್ತೇನೆ.

ವರ್ಕಿಂಗ್ ಕ್ಯಾಪಿಟಲ್ ಬಗ್ಗೆ ಇಲ್ಲಿ ಒಬ್ಬರು ಬ್ಯಾಂಕಿನವರು ಇದ್ದಾರೆ, ಅವರು ಸರಿಯಾಗಿ ಹೇಳುತ್ತಾರೆ. ಎಲ್ಲಿದ್ದೀರಿ ಸಾರ್?

ರಿಟೈರ್ಡ್‌ಮ್ಯಾನೇಜರ್ (ಶಿವಮೊಗ್ಗ) ಉತ್ತರ:

ಇಲ್ಲೇ ಇದ್ದೇನೆ. ಹಪ್ಪಳದ ಮೇಡಂ ಹೇಳಿದ್ದು ಸರಿ.

ಜೀರಿಗೆಮಿಡಿಯವರೇ, ನೀವು ಕೇಳಬೇಕಾದ್ದು ಕ್ಯಾಶ್ ಕ್ರೆಡಿಟ್, ಬ್ಯಾಂಕಿನ ಭಾಷೆಯಲ್ಲಿ ಸಿಸಿ. ಮಿತಿ ಒಂದು ಹಾಕಿಕೊಡುತ್ತಾರೆ. ಮಾರ್ಚ್‌ನಲ್ಲಿ ತೆಗೆಯಿರಿ, ಮಾರಿದ ಹಾಗೆಲ್ಲ ಕಟ್ಟುತ್ತಾ ಹೋಗಿ, ಮುಂದಿನ ಮಾರ್ಚ್‌ಗೆ ಮತ್ತೆ ತೆಗೆಯಿರಿ. ಎಷ್ಟು ತೆಗೆದಿದ್ದೀರೋ, ಎಷ್ಟು ದಿನ ಇಟ್ಟುಕೊಂಡಿದ್ದೀರೋ ಅಷ್ಟಕ್ಕೇ ಬಡ್ಡಿ. ತಿಂಗಳ ಕಂತಿನ ಸಾಲ ನಿಮ್ಮ ವ್ಯಾಪಾರಕ್ಕೆ ಹೊಂದುವುದಿಲ್ಲ. ಮೇ ತಿಂಗಳಲ್ಲಿ ಕಂತು ಕಟ್ಟು ಅಂದರೆ ಮಿಡಿ ಇನ್ನೂ ಉಪ್ಪಿನಲ್ಲೇ ಇರುತ್ತದೆ.

ಎಷ್ಟು ಸಿಗುತ್ತದೆ? ಇದಕ್ಕೊಂದು ಹಳೆಯ ಲೆಕ್ಕ ಇದೆ, ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಕಾಲದಿಂದ ಬಂದಿದ್ದು. ಮುಂದಿನ ವರ್ಷದ ಅಂದಾಜು ವಹಿವಾಟಿನ 25% ದುಡಿಯುವ ಬಂಡವಾಳ ಬೇಕು ಅಂತ ಇಟ್ಟುಕೊಳ್ಳುವುದು. ಅದರಲ್ಲಿ ವಹಿವಾಟಿನ 20%ರಷ್ಟು ಬ್ಯಾಂಕ್ ಕೊಡಬೇಕು, 5% ನಿಮ್ಮ ಕೈಯದ್ದು. ಹೋದ ವರ್ಷ 6 ಲಕ್ಷ ಅಂದಿರಿ. ಈ ಸಲ 8 ಲಕ್ಷ ಅಂತ ಬರೆಯಿರಿ, ಬೇಡಿಕೆ ಇದ್ದೂ ಮಾಲು ಇಲ್ಲದೆ ಕಳಿಸಿದ ಗಿರಾಕಿಗಳಿದ್ದಾರಲ್ಲ, ಅದು ನಂಬುವಂಥ ಮಾತೇ. 8 ಲಕ್ಷಕ್ಕೆ 1 ಲಕ್ಷ 60 ಸಾವಿರ ಬ್ಯಾಂಕಿನದ್ದು, 40 ಸಾವಿರ ನಿಮ್ಮದು. ಒಟ್ಟು ನಿಮ್ಮ 2 ಲಕ್ಷ ಆಯಿತು.

ಇದು ಮುದ್ರಾದಲ್ಲೇ, ಅಂದರೆ ಸಣ್ಣ ವ್ಯಾಪಾರದವರಿಗೆ ಇರುವ ಕೇಂದ್ರದ ಸಾಲ ಯೋಜನೆಯಲ್ಲೇ ಬರುತ್ತದೆ. 50 ಸಾವಿರದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ. ನಿಮ್ಮದು ಕಿಶೋರ. ಆಧಾರವಾಗಿ ಜಮೀನು ಪತ್ರ, ಬಂಗಾರ ಕೇಳುವ ಹಾಗಿಲ್ಲ. ಸಣ್ಣ ಉದ್ಯಮದ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಮುದ್ರಾಗೆ ಏಜೆಂಟರೂ ಇಲ್ಲ. ಯಾರಾದರೂ ನಾನು ಮುದ್ರಾ ಏಜೆಂಟ್ ಅಂದರೆ ಅಲ್ಲಿಗೇ ಕೈಮುಗಿಯಿರಿ.

ಬ್ಯಾಂಕಿಗೆ ಹೋಗುವ ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲು, ಮಾಡಿಕೊಳ್ಳಿ. ಆಧಾರ್, ಪ್ಯಾನ್ ಇದ್ದರೆ ಮೊಬೈಲಲ್ಲೇ ಆಗುತ್ತದೆ, ಪೂರ್ತಿ ಉಚಿತ. ಸರ್ಕಾರದ ಜಾಲತಾಣದ ಹಾಗೇ ಕಾಣುವ ಖಾಸಗಿಯವು ಬಹಳ ಇವೆ, ಅವು ಕೊನೆಯಲ್ಲಿ ಶುಲ್ಕ ಕೇಳುತ್ತವೆ. ಕೇಳಿದರೆ ಅದು ಸರ್ಕಾರದ್ದಲ್ಲ ಅಂತ ಅರ್ಥ. ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಇರಲೇಬೇಕು, ಬಾಟಲಿ ಮೇಲೆ ಆ ನಂಬರ್ ಹಾಕುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಹಳೆಯ ಸಾಲ ಹೇಗೆ ಕಟ್ಟಿದ್ದೀರಿ ಅಂತ ತೋರಿಸುವ ಸಿಬಿಲ್ ವರದಿ ವರ್ಷಕ್ಕೊಂದು ಪುಕ್ಕಟೆ ಸಿಗುತ್ತದೆ, ತೆಗೆದು ನೋಡಿ.

ಕೊನೆಗೆ ನನ್ನದೊಂದು ಪ್ರಶ್ನೆ. ಬೆಂಗಳೂರಿನ ಗಿರಾಕಿಗಳು ದುಡ್ಡು ಹಾಕುವುದು ಯಾರ ಖಾತೆಗೆ?

ಜೀರಿಗೆಮಿಡಿ:

ಸಾರ್, ಮನೆಯವರ ನಂಬರಿಗೆ. ಗೂಗಲ್ ಪೇ ಅವರ ಫೋನಲ್ಲೇ ಇರುವುದು. ಅಂಗಡಿಯವರು ನಗದು ಕೊಡುತ್ತಾರೆ. ನನ್ನ ಖಾತೆಗೆ ಸಂಘದ ದುಡ್ಡು, ಗೃಹಲಕ್ಷ್ಮಿ ಬರುತ್ತದೆ ಅಷ್ಟೇ. ಉದ್ಯಮ್ ಆಗಿಲ್ಲ. ಎಫ್‌ಎಸ್‌ಎಸ್‌ಎಐ ಇದೆ. ಯಾಕೆ ಸಾರ್, ತೊಂದರೆ ಇದೆಯಾ?

ಹಪ್ಪಳದ ಅಕ್ಕ, ಮೆಷಿನ್ ಬೇಕು ಅಂತ ನಾನು ಬರೆದೇ ಇಲ್ಲ ಅಂತ ನೀವು ಹೇಳಿದ ಮೇಲೆ ನನಗೂ ನಗು ಬಂತು. ಆ ಸೆಮಿನಾರಿನವರು ಗ್ರೈಂಡರ್, ಫಿಲ್ಲಿಂಗ್ ಮೆಷಿನ್ ಅಂತೆಲ್ಲ ಪಟ್ಟಿ ಹೇಳಿದ್ದರು. ಮಿಡಿಯನ್ನು ಫಿಲ್ಲಿಂಗ್ ಮೆಷಿನಿಗೆ ಹಾಕಿದರೆ ತೊಟ್ಟು ಉಳಿಯುತ್ತದಾ!

ರಿಟೈರ್ಡ್‌ಮ್ಯಾನೇಜರ್:

ತೊಂದರೆ ಅಲ್ಲೇ ಇರುವುದು. 6 ಲಕ್ಷದ ವ್ಯಾಪಾರ ಮಾಡಿದ್ದು ನೀವು. ಬ್ಯಾಂಕಿನ ಕಂಪ್ಯೂಟರಿನಲ್ಲಿ ಅದು ನಿಮ್ಮ ಯಜಮಾನರದ್ದು. ಅವರದ್ದೇ ಖಾತೆಗೆ ಅಡಿಕೆ ದುಡ್ಡೂ ಬರುತ್ತದೆ, ಹಾಲಿನ ದುಡ್ಡೂ ಬರುತ್ತದೆ, ಉಪ್ಪಿನಕಾಯಿ ಯಾವುದು ಅಂತ ಹೆಕ್ಕುವವರು ಯಾರು? ನಾನು ಕುರ್ಚಿಯಲ್ಲಿದ್ದಾಗ ಇಂಥ ಅರ್ಜಿ ಬಹಳ ನೋಡಿದ್ದೇನೆ. ಕೆಲಸ ಹೆಂಗಸರದ್ದು, ಎಂಟ್ರಿ ಗಂಡಸರದ್ದು. ಕೊಡಬೇಕು ಅಂತ ಮನಸ್ಸಿದ್ದರೂ ಫೈಲಿನಲ್ಲಿ ಏನು ಬರೆಯುವುದು?

ನಾಳೆಯೇ ಹೋಗಿ ಉಪ್ಪಿನಕಾಯಿಯ ಹೆಸರಿನಲ್ಲಿ ಕರೆಂಟ್ ಅಕೌಂಟ್ ತೆರೆಯಿರಿ, ಉದ್ಯಮ್ ಮೊದಲು ಮಾಡಿಕೊಂಡು ಹೋದರೆ ಸಲೀಸು. ಕ್ಯೂಆರ್ ಆ ಖಾತೆಗೇ ಜೋಡಿಸಿ. ಅಂಗಡಿಯವರಿಗೂ ಖಾತೆಗೇ ಹಾಕಿ ಅನ್ನಿ. ಹಳೆಯದಕ್ಕೆ ವಾಟ್ಸಾಪ್ ಆರ್ಡರ್, ಯಜಮಾನರ ಸ್ಟೇಟ್‌ಮೆಂಟ್, ಪಾರ್ಸೆಲ್ ರಸೀದಿ ಮೂರನ್ನೂ ಎದುರುಬದುರು ಇಟ್ಟು ಒಂದು ಪುಸ್ತಕದಲ್ಲಿ ಬರೆಯಿರಿ. ತಾರೀಕು, ಗಿರಾಕಿ, ಎಷ್ಟು ಕೆಜಿ, ಎಷ್ಟು ದುಡ್ಡು. ಕೈಬರಹವಾದರೂ ಪರವಾಗಿಲ್ಲ. ಒಳ್ಳೆ ಮ್ಯಾನೇಜರ್ ಆದರೆ ಓದುತ್ತಾರೆ.

ಈ ಸೀಸನ್ನಿಗೆ ಪೂರ್ತಿ 1 ಲಕ್ಷ 60 ಸಾವಿರ ಸಿಗದೆ ಹೋಗಬಹುದು. ಹೊಸ ಖಾತೆ ಅಂತ ಕಡಿಮೆ ಕೊಟ್ಟರೆ ಬೇಡ ಅನ್ನಬೇಡಿ, ತೆಗೆದುಕೊಂಡು ಸರಿಯಾಗಿ ತಿರುಗಿಸಿ. ಮುಂದಿನ ವರ್ಷ ಮಿತಿ ಏರಿಸಲು ಅದೇ ಸಾಕ್ಷಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಕೇಳಿ ಪಡೆಯಿರಿ, ಕೊಡಲೇಬೇಕು. ನೋಡೋಣ, ಹೇಳುತ್ತೇವೆ ಅಂತ ಬಾಯಲ್ಲಿ ಹೇಳಿ ಕಳಿಸಿದರೆ ನೀವು ಅರ್ಜಿ ಕೊಟ್ಟಿದ್ದಕ್ಕೇ ದಾಖಲೆ ಇರುವುದಿಲ್ಲ.

ಸಿಸಿ ಆದ ಮೇಲೆ ಸ್ಟಾಕ್ ಎಷ್ಟಿದೆ ಅಂತ ಆಗಾಗ ಬರೆದು ಕೊಡಬೇಕಾಗುತ್ತದೆ. ಉಪ್ಪಿನಲ್ಲಿ ಹಾಕಿಟ್ಟ ಮಿಡಿಯೂ ಸ್ಟಾಕೇ, ಖಾಲಿ ಬಾಟಲಿಯೂ ಸ್ಟಾಕೇ. ಮ್ಯಾನೇಜರ್ ನೋಡಲು ಬಂದರೆ ಡ್ರಮ್ಮಿಗೆ ನಂಬರ್ ಹಾಕಿ, ತುಂಬಿದ ತಾರೀಕು, ತೂಕ ಬರೆದ ಚೀಟಿ ಅಂಟಿಸಿಡಿ. ಒಂದು ಮುಚ್ಚಳ ತೆಗೆದು ತೋರಿಸಿ. ಆ ಪರಿಮಳಕ್ಕೆ ಅರ್ಧ ಕೆಲಸ ಆಗುತ್ತದೆ.

ಹಾಳೆತಟ್ಟೆ (ತೀರ್ಥಹಳ್ಳಿ) ಉತ್ತರ:

ನಾನು ಆಹಾರದವನಲ್ಲ, ಅಡಿಕೆ ಹಾಳೆ ತಟ್ಟೆ ಮಾಡುವವನು. ನನಗೆ ಸಾಲ ಆಗಿದ್ದು ಪಿಎಂಇಜಿಪಿ ಅನ್ನುವ ಕೇಂದ್ರದ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ. ಹಳ್ಳಿಯಲ್ಲಿ ಸಾಮಾನ್ಯ ವರ್ಗದವರಿಗೆ 25%, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರಿಗೆ 35% ಸಬ್ಸಿಡಿ. ಅದು ಹೊಸ ಘಟಕಕ್ಕೆ, ಹಾಗಾಗಿ ಈಗಾಗಲೇ ನಡೆಯುತ್ತಿರುವ ನಿಮಗೆ ಕಷ್ಟ. ಆದರೂ ನಾನು ಬರೆಯಬೇಕು ಅಂದುಕೊಂಡಿದ್ದು ಬೇರೆ ವಿಷಯ.

ಸಾಲದ ಸೆಮಿನಾರ್ ಆಯಿತು. ರಫ್ತು ಸೆಮಿನಾರ್ ಅಂತ ಇನ್ನೊಂದು ಜಾತಿ ಇದೆ, ಎಚ್ಚರ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ, ಅಡಿಕೆ ಹಾಳೆ ತಟ್ಟೆಗೆ ತಮ್ಮಲ್ಲಿ ಅನುಮತಿ ಇಲ್ಲ, ಮಾರಬೇಡಿ ಅಂತ ವ್ಯಾಪಾರಿಗಳಿಗೆ ಹೇಳಿತು. ಅಡಿಕೆಯಲ್ಲಿರುವ ಅಂಶ ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಅನ್ನುವುದು ಅವರ ತಕರಾರು. ಸರಿಯೋ ತಪ್ಪೋ, ಅಲ್ಲಿಗೆ ಕಳಿಸುತ್ತಿದ್ದವರಿಗೆ ಪೆಟ್ಟು ಬಿತ್ತು. ಅದಾದ ಮೇಲೂ ಒಂದು ಕಡೆ ಅಮೆರಿಕಕ್ಕೆ ತಟ್ಟೆ ಕಳಿಸಿ ಅಂತ ದುಡ್ಡು ತೆಗೆದುಕೊಂಡು ಪಾಠ ಮಾಡುತ್ತಿದ್ದರು. ನಾನು ಚಾಟ್‌ನಲ್ಲಿ ಎಫ್‌ಡಿಎ ವಿಷಯ ಕೇಳಿದೆ. ನನ್ನನ್ನು ಮೀಟಿಂಗ್‌ನಿಂದಲೇ ತೆಗೆದರು! ಆ ಮಹಾನುಭಾವರ ಸ್ಲೈಡು ಹಳೆಯದು, ಬದಲಾಯಿಸಲು ಪುರುಸೊತ್ತು ಇರಲಿಲ್ಲ ಅಂತ ಕಾಣುತ್ತದೆ.

ಅದಕ್ಕೆ ನಾನು ಈಗ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಪ್ರಶ್ನೆಗೆ ಸಮಯ ಕೊಡದ ಸೆಮಿನಾರಿಗೆ ನಾನಿಲ್ಲ.

ಕನ್ನಡದಲ್ಲಿ ಪುಕ್ಕಟೆ ಎಲ್ಲಿ ಅಂತ ಕೇಳಿದಿರಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರದವರು, ಧಾರವಾಡದ ಸಿಡಾಕ್ ಅನ್ನುವ ಸರ್ಕಾರಿ ಸಂಸ್ಥೆಯವರು ಉದ್ಯಮಶೀಲತಾ ತರಬೇತಿ ಮಾಡುತ್ತಾರೆ. ಆನ್‌ಲೈನ್ ಬೇಡ, ಎದುರಿಗೆ ಕೂತು ಕಲಿಯಬೇಕು ಅಂದರೆ ಆರ್‌ಸೆಟಿ, ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಅಂತ ಶುರುವಾಯಿತಲ್ಲ, ಅದೇ ಮಾದರಿಯನ್ನು ಆಮೇಲೆ ದೇಶದ ಜಿಲ್ಲೆಜಿಲ್ಲೆಗೂ ತಂದರು. ಊಟ, ವಸತಿ ಎಲ್ಲ ಉಚಿತ. ಹೆಂಗಸರಿಗೇ ಅಂತ ಬೇಕಾದರೆ ಬೆಂಗಳೂರಿನ ಅವೇಕ್, 1983ರಿಂದ ಇರುವ ಮಹಿಳಾ ಉದ್ಯಮಿಗಳ ಸಂಘ. ಉಪ್ಪಿನಕಾಯಿ ಎಷ್ಟು ದಿನ ಕೆಡದೆ ಇರುತ್ತದೆ, ಲೇಬಲ್ ಮೇಲೆ ಎಂತ ಬರೆಯಬೇಕು ಅನ್ನುವಂಥದ್ದಕ್ಕೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಅದರ ಕೋರ್ಸ್‌ಗಳಿಗೆ ಶುಲ್ಕ ಇದೆ, ಆದರೆ ಅದು ಕೊಟ್ಟರೂ ಬೇಜಾರಿಲ್ಲ. ಇವರ ಕಾರ್ಯಕ್ರಮಗಳ ತಾರೀಕು ಆಯಾ ಜಾಲತಾಣದಲ್ಲಿ ಹಾಕುತ್ತಾರೆ. ಇಲ್ಲದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಒಂದು ಫೋನ್ ಮಾಡಿದರೂ ಹೇಳುತ್ತಾರೆ.

ಮಳೆಗಾಲದಲ್ಲಿ ನೆಟ್‌ವರ್ಕ್ ನಂಬಿ ಕೂರಬೇಡಿ ಅಂತ ಬೇರೆ ಹೇಳಬೇಕಾ? ರೆಕಾರ್ಡಿಂಗ್ ಯೂಟ್ಯೂಬ್‌ಗೆ ಹಾಕುತ್ತೀರಾ ಅಂತ ಮೊದಲೇ ಕೇಳಿಕೊಳ್ಳಿ. ಲೈವ್ ಇರುವಾಗ ವಿಡಿಯೊ ಬಂದ್ ಮಾಡಿ ಬರೀ ಧ್ವನಿ ಇಟ್ಟರೆ 2ಜಿಯಲ್ಲೂ ಎಳೆಯುತ್ತದೆ.

ಅಂದ ಹಾಗೆ, ಬಾಟಲಿಗಳನ್ನು ಹೇಗೆ ಕಳಿಸುತ್ತೀರಿ? ನಾನು ತಟ್ಟೆ ಕಟ್ಟುಗಳನ್ನು ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋದಲ್ಲಿ ಹಾಕುತ್ತೇನೆ. ಗಾಜಿನ ಬಾಟಲಿ ಆದರೆ ಮುಚ್ಚಳದೊಳಗೆ ಸೀಲ್ ಇರಲಿ, ಆಗುಂಬೆ ಕಡೆ ತಿರುವಿನಲ್ಲಿ ರಸ ಚೆಲ್ಲಿದರೆ ಪಕ್ಕದವರ ಪಾರ್ಸೆಲ್ಲೂ ಖಾರ.

ಜೀರಿಗೆಮಿಡಿ:

ಬೆಂಗಳೂರು ಬಸ್ಸು ಆಗುಂಬೆ ಮೇಲೆ ಹೋಗುವುದಿಲ್ಲ ಮಾರಾಯ್ರೆ! ಆದರೆ ಸೀಲ್ ವಿಷಯ ಸರಿ, ಹಾಕುತ್ತೇನೆ.

ನಿನ್ನೆ ಮಗಳ ಹತ್ತಿರ ಕೂತು ಉದ್ಯಮ್ ಮಾಡಿದೆ. ದುಡ್ಡು ಕೇಳಲಿಲ್ಲ, ಅಲ್ಲೇ ಸರ್ಟಿಫಿಕೇಟ್ ಬಂತು. ತಯಾರಿಕೆಯೋ ಸೇವೆಯೋ ಅಂತ ಕೇಳಿತ್ತು, ತಯಾರಿಕೆ ಅಂತ ಹಾಕಿ ಉಪ್ಪಿನಕಾಯಿ ಆರಿಸಿದೆವು. ಸರಿ ಅಲ್ವಾ ಸಾರ್? ಸೋಮವಾರ ಖಾತೆ ತೆರೆಯಲು ಹೋಗುತ್ತೇನೆ. ಮನೆಯವರು ಅವರ ಫೋನಿನ ಸ್ಟೇಟ್‌ಮೆಂಟ್ ತೆಗೆದುಕೊಟ್ಟಿದ್ದಾರೆ. ನಾವಿಬ್ಬರೂ ಕೂತು ಗುರುತು ಹಾಕಿದೆವು. 6 ಲಕ್ಷ ಅಂದುಕೊಂಡಿದ್ದೆನಲ್ಲ, ನಗದೂ ಸೇರಿಸಿದರೆ ಅದಕ್ಕಿಂತ ಜಾಸ್ತಿಯೇ ಇದೆ. ಅವರಿಗೇ ಆಶ್ಚರ್ಯ.

ಇನ್ನೊಂದು ಕೇಳಬೇಕಿತ್ತು. ಸಂಘದಲ್ಲಿ ನಾವು ಐದಾರು ಜನ ಮಿಡಿ ಹಾಕುವವರಿದ್ದೇವೆ. ಒಟ್ಟಿಗೆ ಮಾಡಿದರೆ ಏನಾದರೂ ಇದೆಯಾ?

ಹಲಸಿನಹಪ್ಪಳ:

ಇದೆ. ಇದನ್ನು ನಾನೇ ಮೊದಲು ಹೇಳಬೇಕಿತ್ತು ನೋಡಿ, ನೀವು ಸಂಘ ಅಂದಾಗ ನೆನಪಾಯಿತು. ಅದೇ ಪಿಎಂಎಫ್‌ಎಂಇಯಲ್ಲಿ ಆಹಾರ ತಯಾರಿಸುವ ಸ್ವಸಹಾಯ ಸಂಘದ ಸದಸ್ಯರಿಗೆ ಬೀಜಧನ ಅಂತ ತಲಾ 40 ಸಾವಿರದವರೆಗೆ ಇಟ್ಟಿದ್ದಾರೆ. ಅದನ್ನು ಸಣ್ಣ ಸಲಕರಣೆಗೂ ಬಳಸಬಹುದು, ದುಡಿಯುವ ಬಂಡವಾಳಕ್ಕೂ ಬಳಸಬಹುದು. ಅಂದರೆ ಮಿಡಿಗೂ ಆಗುತ್ತದೆ! ದುಡ್ಡು ಬರುವುದು ಸಂಘದ ಒಕ್ಕೂಟದ ಮೂಲಕ, ಸದಸ್ಯರಿಗೆ ಸಾಲದ ರೂಪದಲ್ಲಿ. ತಿರುಗಿ ಒಕ್ಕೂಟಕ್ಕೆ ಕಟ್ಟಬೇಕು. ನಿಮ್ಮ ಸಂಘ ಸರ್ಕಾರದ ಗ್ರಾಮೀಣ ಜೀವನೋಪಾಯ ಯೋಜನೆ ಸಂಜೀವಿನಿಯಡಿ ಇದ್ದರೆ ತಾಲ್ಲೂಕು ಪಂಚಾಯಿತಿಯಲ್ಲಿ ಅದರವರು ಕೂರುತ್ತಾರೆ, ಅಲ್ಲಿ ಕೇಳಿ. ಯೋಜನೆಯ ಅವಧಿ, ಈ ವರ್ಷದ ದುಡ್ಡು ಉಳಿದಿದೆಯಾ ಅನ್ನುವುದನ್ನು ಡಿಆರ್‌ಪಿ ಹತ್ತಿರ ಮೊದಲೇ ಖಚಿತ ಮಾಡಿಕೊಳ್ಳಿ. 2020ರಲ್ಲಿ 5 ವರ್ಷಕ್ಕೆ ಅಂತ ಮಾಡಿದ್ದು, ಆಮೇಲೆ ಒಂದು ವರ್ಷ ಮುಂದಕ್ಕೆ ಹಾಕಿದ್ದರು.

ಒಟ್ಟಿಗೆ ಮಾಡುವುದಕ್ಕೆ ಮೊದಲು ಒಂದು ಮಾತು. ಐದು ಮನೆಯ ಮಿಡಿ ಒಂದೇ ಹೆಸರಿನಲ್ಲಿ ಮಾರುವುದಾದರೆ ಉಪ್ಪಿನ ಅಳತೆ, ಖಾರದ ಅಳತೆ ಮೊದಲು ಒಂದೇ ಮಾಡಿಕೊಳ್ಳಿ. ಬರೆದಿಡಿ. ನಮ್ಮ ಹಪ್ಪಳದ ಗುಂಪು ಒಡೆದದ್ದು ದುಡ್ಡಿಗಲ್ಲ, ಒಬ್ಬರು ಜೀರಿಗೆ ಜಾಸ್ತಿ ಹಾಕುತ್ತಾರೆ ಅಂತ.

ಮತ್ತೆ, ಆ 99 ರೂಪಾಯಿಯವರು ಪುನಃ ಫೋನ್ ಮಾಡಿದರೆ ಒಂದು ಪ್ರಶ್ನೆ ಕೇಳಿ ನೋಡಿ: ಮಿಡಿ ಕೊಳ್ಳಲು ಸಿಸಿ ಬೇಕು, ಗ್ಯಾರಂಟಿ ಕೊಡಿಸುತ್ತೀರಾ? ಏನಂದರು ಅಂತ ಇಲ್ಲಿ ಬರೆಯಿರಿ.

ರಿಟೈರ್ಡ್‌ಮ್ಯಾನೇಜರ್:

ತಯಾರಿಕೆ ಅಂತ ಹಾಕಿದ್ದು ಸರಿ. ಸೋಮವಾರ ಹೋಗುವಾಗ ಆಧಾರ್, ಪ್ಯಾನ್, ಫೋಟೊ, ಉದ್ಯಮ್ ಸರ್ಟಿಫಿಕೇಟ್, ಎಫ್‌ಎಸ್‌ಎಸ್‌ಎಐ ಎಲ್ಲದರ ಎರಡೆರಡು ಪ್ರತಿ ಇಟ್ಟುಕೊಳ್ಳಿ. ಖಾತೆ ತೆರೆದ ದಿನವೇ ಸಾಲದ ಮಾತು ಎತ್ತಿ, ಮಿಡಿ ಸೀಸನ್ ಯಾವಾಗ ಅಂತ ಮ್ಯಾನೇಜರ್‌ಗೆ ಬಿಡಿಸಿ ಹೇಳಿ. ಹೊರಗಿನಿಂದ ವರ್ಗವಾಗಿ ಬಂದವರಾಗಿದ್ದರೆ ಅಪ್ಪೆಮಿಡಿ ಅಂದರೆ ಗೊತ್ತಿರುವುದಿಲ್ಲ, ಮಾವಿನಕಾಯಿ ಉಪ್ಪಿನಕಾಯಿಗೆ ಬೇಸಿಗೆ ಪೂರ್ತಿ ಸಮಯ ಇದೆಯಲ್ಲ ಅಂದುಕೊಳ್ಳುತ್ತಾರೆ. ಮಾರ್ಚ್ ತಿಂಗಳು ಬ್ಯಾಂಕಿಗೆ ವರ್ಷದ ಕೊನೆ, ಆಗ ಯಾರೂ ತಲೆ ಎತ್ತುವುದಿಲ್ಲ. ಅರ್ಜಿ ಫೆಬ್ರವರಿ ಒಳಗೇ ಮೇಜಿನ ಮೇಲಿರಲಿ.